ಊರ ನೀರು ಎಳೆದುಕೊಂಡ ನಮ್ಮ ಅತ್ತೆ

ನಮ್ಮ ಬೆಟಗೇರಿ ಓಣಿಯಲ್ಲಿ ದೇವರಿಗೆ ಸಿಟ್ಟು ಬಂದರೆ ಅದು ಮೊದಲು ಗೊತ್ತಾಗುವುದು ನಳಕ್ಕೆ. ಹೀಗೆ ಹೇಳುವುದು ನಾನಲ್ಲ, ಓಣಿಯ ಮಂದಿ. ಹಮ್ಮಿಗಿಯ ಹತ್ತಿರ ತುಂಗಭದ್ರೆಯಲ್ಲಿ ನಿಲ್ಲಿಸಿದ ನೀರು ಮುಂಡರಗಿ ಕಡೆಯಿಂದ ದೊಡ್ಡ ಪೈಪಿನಲ್ಲಿ ಏರಿ ಇಳಿದು, ಊರ ನೀರಿನ ಟಾಕಿ ಸೇರಿ, ಅಲ್ಲಿಂದ ಪಾಳಿಯ ಪ್ರಕಾರ ಒಂದೊಂದೇ ಓಣಿಗೆ ಬರಬೇಕು. ಇಷ್ಟು ದೂರದ ದಾರಿಯಲ್ಲಿ ಪೈಪು ಒಡೆಯಬಹುದು, ಮೋಟಾರು ಸುಡಬಹುದು, ಕರೆಂಟು ಹೋಗಬಹುದು. ನಮ್ಮವರಿಗೆ ಇವೆಲ್ಲ ಬರೀ ನೆಪ. ಪೈಪು ಒಡೆದರೆ ಅದು ಯಾರದೋ ಪಾಪಕ್ಕೆ ಒಡೆದಿದೆ ಎಂದೇ ಅರ್ಥ.

ಈ ಕತೆ ನಡೆದ ಬೇಸಿಗೆಯ ಹಿಂದಿನ ಮಳೆಗಾಲದಲ್ಲಿ ಒಂದೇ ಸಂಜೆಯ ಮಳೆಗೆ ಗಟಾರ ಉಕ್ಕಿ ತಗ್ಗಿನ ಮನೆಗಳಿಗೆಲ್ಲ ನೀರು ನುಗ್ಗಿತ್ತು. ಕಾಳಿನ ಚೀಲ ನೆಂದವು, ಮಗ್ಗದ ಗುಣಿಯಲ್ಲಿ ನೀರು ನಿಂತಿತು, ಒಂದು ಮನೆಯ ಫ್ರಿಜ್ಜು ತೇಲಿಕೊಂಡು ಅಡುಗೆಮನೆಯಿಂದ ಪಡಸಾಲೆಗೆ ಬಂತು. ಆಗಲೂ ಪಾಪವೇ ಕಾರಣವಾಯಿತು. ಗಟಾರದ ಮೇಲೆ ಚಪ್ಪಡಿ ಹಾಸಿ ಅಂಗಡಿ ಮುಂದೆ ಚಾಚಿಕೊಂಡವರ ಹೆಸರನ್ನು ಯಾರೂ ಎತ್ತಲಿಲ್ಲ, ಏಕೆಂದರೆ ಎತ್ತಬೇಕಾದವರೂ ಚಾಚಿಕೊಂಡವರೇ ಆಗಿದ್ದರು. ನೀರು ಹೆಚ್ಚಾದರೂ ದೇವರ ಸಿಟ್ಟು, ಕಡಿಮೆಯಾದರೂ ದೇವರ ಸಿಟ್ಟು. ಈ ದೇವರಿಗೆ ಎಷ್ಟು ನೀರಾದರೆ ಸಮಾಧಾನ ಎಂದು ನಾನು ಒಮ್ಮೆ ಕೇಳಿ ಬೈಸಿಕೊಂಡಿದ್ದೇನೆ.

ನಾನು ಹೇಳುತ್ತಿರುವ ಬೇಸಿಗೆಯಲ್ಲಿ ನಳ ಬಂದು ಬಹಳ ದಿನಗಳಾಗಿದ್ದವು. ಡ್ರಮ್ಮುಗಳ ತಳ ಕಾಣುತ್ತಿತ್ತು. ಬೇರೆ ಊರಿಂದ ಬಂದ ಒಬ್ಬ ಸ್ವಾಮಿಗಳ ಪ್ರವಚನ ಅದೇ ವಾರ ಶುರುವಾಯಿತು. ಶಹರಗಳು ಯಾಕೆ ಮುಳುಗುತ್ತವೆ, ಯಾಕೆ ಸುಡುತ್ತವೆ, ಯಾಕೆ ಬತ್ತುತ್ತವೆ ಎನ್ನುವುದನ್ನು ಅವರು ಒಂದೊಂದಾಗಿ ಬಿಡಿಸಿ ಹೇಳಿದರು. ಮುಳುಗುವುದಕ್ಕೆ ಒಂದು ಬಗೆಯ ಪಾಪ, ಸುಡುವುದಕ್ಕೆ ಇನ್ನೊಂದು. ಬತ್ತುವುದಕ್ಕೆ ಹೆಣ್ಣುಮಕ್ಕಳು ನೈಟಿ ತೊಟ್ಟು ಅಂಗಳ ಕಸ ಹೊಡೆಯುವುದೂ ಒಂದು ಕಾರಣವಂತೆ. ಪ್ರವಚನ ಕೇಳಿ ಬಂದವರು ಯಾರೂ ತಮ್ಮ ಪಾಪ ಹುಡುಕಿಕೊಳ್ಳಲಿಲ್ಲ, ಎಲ್ಲರೂ ಪಕ್ಕದ ಮನೆಯದನ್ನೇ ಹುಡುಕಿದರು. ನನಗೆ ಮಾತ್ರ ಒಂದು ಸಂಶಯ. ಪಾಪ ಮಾಡಿದವನ ಮನೆಯ ನಳ ಒಂದನ್ನೇ ಬಂದ್ ಮಾಡುವ ಚಾವಿ ದೇವರ ಹತ್ತಿರ ಇಲ್ಲವೇ? ಓಣಿಗಳಿಗೆ ನೀರು ಬಿಡುವ ನಮ್ಮ ವಾಲ್‌ಮನ್‌ನಂತೆ ಅವನೂ ಇಡೀ ವಾರ್ಡನ್ನೇ ತಿರುವಿಬಿಡುತ್ತಾನೆ.

ನಮ್ಮ ಮನೆಯವರು ಇಂಥದ್ದಕ್ಕೆಲ್ಲ ಹಾಸ್ಯ ಮಾಡುತ್ತಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಕಟ್ಟೆಯ ಮೇಲೆ ಕೂತು, ಕಡ್ಡಿಯಿಂದ ಮಣ್ಣಿನಲ್ಲಿ ಹೊಳೆ, ಪಂಪು, ಟಾಕಿಗಳ ಚಿತ್ರ ಬರೆದು, ಒತ್ತಡ ಎಂದರೇನು, ಎತ್ತರಕ್ಕೆ ನೀರು ಹೇಗೆ ಏರುತ್ತದೆ ಎಂದು ಓಣಿಯವರಿಗೆ ಪಾಠ ಮಾಡುತ್ತಿದ್ದರು. ಎಲ್ಲರೂ "ಖರೆ ಐತ್ರಿ ಸರ್" ಎಂದು ತಲೆಯಾಡಿಸಿ, ಎದ್ದು ಹೋಗುವಾಗ ಆ ಚಿತ್ರವನ್ನು ತುಳಿದುಕೊಂಡೇ ಹೋಗುತ್ತಿದ್ದರು. ನಾನು ಲಕ್ಷ್ಮೇಶ್ವರದವಳು. ನಮ್ಮ ತವರಿನಲ್ಲಿ ಗುಡಿಗೂ ಕಾಯಿ, ದರ್ಗಾಕ್ಕೂ ಸಕ್ಕರೆ. ಕಷ್ಟಕ್ಕೆ ಯಾರು ಆಗುತ್ತಾರೋ ಯಾರಿಗೆ ಗೊತ್ತು ಎಂಬ ಜಾಣತನ. ಅದಕ್ಕಾಗಿ ಮದುವೆಯಾದಂದಿನಿಂದ ಅವರಿಂದ ಅನ್ನಿಸಿಕೊಂಡಿದ್ದೇನೆ. ನಾನು ಶನಿವಾರ ಎಣ್ಣೆ ದೀಪ ಹಚ್ಚಿದರೆ "ಶನಿಗ್ರಹಕ್ಕ ಇಲ್ಲಿಂದ ಬೆಳಕು ಮುಟ್ಟಾಕ ಎಷ್ಟ ಹೊತ್ತು ಬೇಕ ಗೊತ್ತೇನು?" ಎಂದು ಕೇಳುವ ಮನುಷ್ಯ.

ಆ ಬೇಸಿಗೆಯ ಆರಂಭದಲ್ಲೇ ನಮ್ಮ ಅತ್ತೆ ತೀರಿಕೊಂಡಿದ್ದರು. ನಮ್ಮ ಮನೆಯ ಸಂಪು ಓಣಿಗೆಲ್ಲ ದೊಡ್ಡದು. ನಳ ತಪ್ಪಿದಾಗ ಅದರ ಮುಚ್ಚಳದ ಪಕ್ಕ ಮಣೆ ಹಾಕಿಕೊಂಡು ಕೂತು, ಬಂದವರಿಗೆಲ್ಲ ಕೊಡ ತುಂಬಿಸಿ ಕಳಿಸುವುದು ಅವರ ಕೆಲಸ. ನೀರಿನ ಜೊತೆಗೆ ಬೈಗುಳ ಪುಕ್ಕಟೆ. "ನಳ ಬಂದಾಗ ಮಕ್ಕೊಂಡಿದ್ಯೇನ? ಡ್ರಮ್ಮಿಗೆ ಮುಚ್ಚಳ ಇಲ್ಲೇನ? ನೀರಾಗ ಹುಳಾ ಸಾಕೀಯೇನ?" ಎಂದು ಒಬ್ಬೊಬ್ಬರ ಸಂಸಾರ ಜಾಲಾಡುತ್ತ ಕೊಡ ತುಂಬಿಸುತ್ತಿದ್ದರು. ಬೈಸಿಕೊಂಡು ನೀರು ಒಯ್ದವರು ಮರುದಿನ ಮತ್ತೆ ಬರುತ್ತಿದ್ದರು. ಅತ್ತೆಯನ್ನು ಮಣ್ಣು ಮಾಡಿದ ದಿನ ನಮ್ಮ ಓಣಿಯ ಕಾಳಿನ ವ್ಯಾಪಾರಿ, ಎಲ್ಲದಕ್ಕೂ ಮುಂದೆ ನಿಲ್ಲುವ ಮನುಷ್ಯ, "ಗಂಗವ್ವನಂಥಾಕಿ ಹೋದ್ಲು" ಎಂದು ನಾಲ್ಕು ಮಂದಿಯ ಮುಂದೆ ಕಣ್ಣೀರು ಹಾಕಿದ್ದ.

ಅವರು ಹೋದದ್ದು ಆಸ್ಪತ್ರೆಯಲ್ಲಿ. ಕರುಳಿನ ಆಪರೇಶನ್ ಆಗಿತ್ತು. ಬಾಯಿಯಿಂದ ಒಂದು ಹನಿ ನೀರನ್ನೂ ಕೊಡಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅತ್ತೆ ನೀರು ಕೇಳಿದರು. ಮೊದಲು ಹುಕುಮಿನಿಂದ ಕೇಳಿದರು, ಆಮೇಲೆ ಬೈದು ಕೇಳಿದರು, ಕೊನೆಗೆ ಮಗನ ಅಂಗಿಯ ತುದಿ ಹಿಡಿದುಕೊಂಡು ಕೇಳಿದರು. ನಮ್ಮ ಮನೆಯವರು ಹತ್ತಿಯನ್ನು ನೀರಲ್ಲಿ ಅದ್ದಿ ತುಟಿಗೆ ಹಚ್ಚುತ್ತಿದ್ದರು. ಅತ್ತೆ ಆ ಹತ್ತಿಯನ್ನೇ ಕಚ್ಚಿ ಹೀರುತ್ತಿದ್ದರು. "ಒಂದು ಚಮಚ ಕೊಡೂಣಲ್ರಿ" ಎಂದು ನಾನು ಅಂದರೆ "ಡಾಕ್ಟರಿಗಿಂತ ಶಾಣ್ಯಾಕಿ ಆಗಬ್ಯಾಡ" ಎಂದರು. ಜೀವ ಹೋದಾಗ ಅತ್ತೆಯ ಬಾಯಿ ತೆರೆದೇ ಇತ್ತು. ಮುಚ್ಚಲು ನೋಡಿದರೂ ಮುಚ್ಚಲಿಲ್ಲ, ಗದ್ದಕ್ಕೆ ಬಟ್ಟೆ ಕಟ್ಟಿ ತಂದರೂ ತುಟಿ ಕೂಡಲಿಲ್ಲ. ಮಣ್ಣಿಗೆ ಬಂದವರೆಲ್ಲ ಅದನ್ನು ನೋಡಿದ್ದರು.

ನೋಡಿದವರಲ್ಲಿ ಹಿಂದಿನ ಓಣಿಯ ಒಬ್ಬ ಮುದುಕಿಯೂ ಇದ್ದಳು. ಅವಳ ತವರು ಶಿರಹಟ್ಟಿ ಕಡೆಯ ಹಳ್ಳಿ. ಪ್ರವಚನದ ಪಾಪಗಳೆಲ್ಲ ಮುಗಿದರೂ ನಳ ಬಾರದೇ ಇದ್ದಾಗ ಅವಳು ತನ್ನ ತವರಿನ ಮಾತೊಂದನ್ನು ತೆಗೆದಳು. ಬಾಯಿ ತೆರೆದು ಸತ್ತವರಿಗೆ ನೀರಡಿಕೆ ಹೋಗಿರುವುದಿಲ್ಲ. ಅವರು ಮಣ್ಣಿನೊಳಗಿಂದಲೇ ಊರ ನೀರನ್ನೆಲ್ಲ ಎಳೆಯುತ್ತಾರೆ. ಅಂಥವರ ಗೋರಿಗೆ ಹಾರೆಯಿಂದ ತೂತು ಹಾಕಿ, ಕೊಳವೆ ಇಳಿಸಿ, ಬಾಯಿಗೆ ಮುಟ್ಟುವಂತೆ ನೀರುಣಿಸಬೇಕು. ಆಗ ಊರಿಗೆ ನೀರು ಬಿಡುತ್ತಾರೆ. ಅವಳ ಹಳ್ಳಿಯಲ್ಲಿ ಇದು ಮಳೆಗೆ ಮಾಡುವ ಪದ್ಧತಿ. ನಮ್ಮ ಓಣಿಯವರು ಶಹರದವರಾದ್ದರಿಂದ ಅದನ್ನು ಪೈಪ್‌ಲೈನಿಗೆ ಹಚ್ಚಿಕೊಂಡರು. ಇತ್ತೀಚೆಗೆ ಸತ್ತವರು ಯಾರು ಎಂದು ನೋಡಿದರು. ಇನ್ನೊಬ್ಬರು ಇದ್ದರು, ಆದರೆ ಅವರನ್ನು ಸುಟ್ಟಿದ್ದರು. ಸುಟ್ಟವರು ನೀರು ಎಳೆಯುವುದಿಲ್ಲವಂತೆ. ಉಳಿದದ್ದು ನಮ್ಮ ಅತ್ತೆ.

ಒಂದು ಬೆಳಿಗ್ಗೆ ವ್ಯಾಪಾರಿ, ಮುದುಕಿ, ಅವರ ಹಿಂದೆ ಅರ್ಧ ಓಣಿ ನಮ್ಮ ಕಟ್ಟೆಗೆ ಬಂದರು. ನಮ್ಮ ಮನೆಯವರು ಪೇಪರ್ ಓದುತ್ತಿದ್ದರು. ವಿಷಯ ಕೇಳಿ ಮೊದಲು ಜೋರಾಗಿ ನಕ್ಕರು. ಆಮೇಲೆ ಪೇಪರನ್ನೇ ತಿರುಗಿಸಿ ತೋರಿಸಿದರು.

"ನೋಡ್ರಿ ಇಲ್ಲೆ. ಪೈಪು ರಿಪೇರಿ ಮುಗಿಯಾಕ ಬಂದೈತಂತ. ನಾಳೆ, ನಾಡಿದ್ದಿಗೆ ಟಾಕಿಗೆ ನೀರು ಏರತಾವಂತ. ನಮ್ಮವ್ವ ಏನ್ ಪಂಪ್ ಇಟ್ಕೊಂಡು ಕುಂತಾಳೇನು?"

"ಅದಕ್ಕ ಅವಸರ ಮಾಡಾಕತ್ತೇವ್ರಿ ಸರ್," ಎಂದ ವ್ಯಾಪಾರಿ. "ರಿಪೇರಿ ಆಗೂದ್ರಾಗ ಇದನ್ನ ಮುಗಿಸಿಬಿಡಬೇಕು. ಇಲ್ಲಂದ್ರ ಪೈಪು ಛಲೋ ಆದ್ರೂ ನೀರು ಏರಂಗಿಲ್ಲ. ಟ್ಯಾಂಕರಿಗೆ ಹೇಳೇವಿ."

ಕುಡಿಯುವ ನೀರಿಲ್ಲದ ಓಣಿ ಗೋರಿಗೆ ಸುರಿಯಲು ಟ್ಯಾಂಕರ್ ತರಿಸಿತ್ತು. ನನಗೆ ಸಿಟ್ಟು ಬಂತು. ಇದು ಅಂಧಶ್ರದ್ಧೆ ಎಂಬ ಸಿಟ್ಟಲ್ಲ, ಅದೆಲ್ಲ ನಮ್ಮ ಮನೆಯವರ ಇಲಾಖೆ. ಸಾಯುವತನಕ ಇವರ ಕೊಡ ತುಂಬಿಸಿದ ಹೆಂಗಸಿನ ಮೇಲೆ ಇವರು ನೀರು ಕದ್ದ ಆರೋಪ ಹೊರಿಸುತ್ತಿದ್ದರು.

"ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರೆ ಎಳದ್ರಂತ," ಎಂದೆ. "ನಮ್ಮತ್ತಿ ನೀರು ಕುಡಿದಾವ್ರು ನೀವ. ಆಕಿ ನಿಮ್ಮ ನೀರು ಯಾವಾಗ ಕುಡಿದ್ಲು? ಗಂಗವ್ವ ಅಂತ ಅತ್ತಾವ್ರು ನೀವ ಅಲ್ಲೇನ್ರಿ?"

ವ್ಯಾಪಾರಿ ನೆಲ ನೋಡಿದ. ಗಂಡಸರೆಲ್ಲ ಒಬ್ಬರ ಹಿಂದೆ ಒಬ್ಬರು ಸರಿದರು. ಇನ್ನೇನು ಮಾತು ಮುಗಿಯಿತು ಎನ್ನುವಾಗ ಮುದುಕಿ ಸೀದಾ ಮುಂದೆ ಬಂದು, ನಮ್ಮ ಮನೆಯವರ ಎದುರು ಮೆಟ್ಟಿಲ ಮೇಲೆ ಕೂತಳು. ಅವಳ ದನಿಯಲ್ಲಿ ಜಗಳ ಇರಲಿಲ್ಲ.

"ಅದೆಲ್ಲ ಇರ್ಲಿ ಮಾಸ್ತರ. ಒಂದು ಮಾತು ಖರೆ ಹೇಳ. ನಿಮ್ಮವ್ವ ನೀರು ಬೇಡಿದ್ಲೋ ಇಲ್ಲೋ?"

ನಮ್ಮ ಮನೆಯವರು ಬಾಯಿ ತೆರೆದರು. ಪೇಪರ್ ಮಡಚಿದರು. ಮಡಚಿದ್ದನ್ನು ಮತ್ತೆ ಬಿಡಿಸಿದರು. ತರಗತಿಯಲ್ಲಿ ಯಾವ ಪ್ರಶ್ನೆಗೂ ತಡವರಿಸದಿದ್ದ ಮನುಷ್ಯ. ಕಟ್ಟೆಯ ಮೇಲಿದ್ದವರೆಲ್ಲ ಅವರ ಮುಖವನ್ನೇ ನೋಡುತ್ತಿದ್ದರು.

"ಬೇಡಿದ್ಲು," ಎಂದರು.

"ಕೊಟ್ಟಿಯೇನು?"

"ಇಲ್ಲ."

"ಮತ್ತ?" ಎಂದಳು ಮುದುಕಿ, ಲೆಕ್ಕ ತಾಳೆಯಾದವಳಂತೆ.

"ಟ್ಯಾಂಕರ್ ಯಾವಾಗ ಬರತೈತಿ?" ಎಂದು ನಮ್ಮ ಮನೆಯವರು ಕೇಳಿದರು. ನಾನು ಕೈಯಲ್ಲಿದ್ದ ಕಸಬರಿಗೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದೆ. ಹಿಂದೆ ಬಂದು ಏನಾದರೂ ವಿವರಣೆ ಕೊಡುತ್ತಾರೆಂದು ಕಾದೆ. ಬರಲಿಲ್ಲ. ಹೊರಗೆ ಹೋಗಿ ನೋಡಿದರೆ ಅದೇ ಮೆಟ್ಟಿಲ ಮೇಲೆ ಮುದುಕಿ ಬಿಟ್ಟು ಹೋದ ಜಾಗದಲ್ಲಿ ಕೂತಿದ್ದರು.

"ನಿಮಗೇನರೆ ಹುಚ್ಚ ಹಿಡದೈತೇನ್ರಿ?" ಎಂದೆ. "ನಾನು ಒಂದ ದೀಪ ಹಚ್ಚಿದ್ರ ಅಷ್ಟುದ್ದ ಮಾತಾಡ್ತೀರಿ. ಈಗ ಇಡೀ ಓಣಿ ನಿಮ್ಮವ್ವನ ಗೋರಿಗೆ ಹಾರಿ ಹಾಕ್ತೇವಂದ್ರ ಹೂಂ ಅಂತೀರಿ."

"ನೀರು ಏರೂದು ಒತ್ತಡದಿಂದ, ಅದು ನನಗ ಗೊತ್ತೈತಿ," ಎಂದರು. ಅಷ್ಟೇ.

ಮರುದಿನ ಬೆಳಿಗ್ಗೆ ಓಣಿಗೆ ಓಣಿಯೇ ಸ್ಮಶಾನಕ್ಕೆ ಹೊರಟಿತು. ಒಬ್ಬಿಬ್ಬರು ಹೋದರೆ ಫಲವಿಲ್ಲ, ನೀರು ಬೇಕಾದವರೆಲ್ಲ ಬಂದು ತಲಾ ಒಂದು ತಂಬಿಗೆ ಹಾಕಬೇಕು ಎಂದು ಮುದುಕಿ ಹೇಳಿದ್ದಳು. ಮನೆಮನೆಗೆ ಕೀಲಿ ಬಿತ್ತು. ಹಿಂದೆ ಉಳಿದವಳು ವ್ಯಾಪಾರಿಯ ಸೊಸೆ ಒಬ್ಬಳೇ. ಅವಳು ಹಸಿ ಬಾಣಂತಿ, ಸ್ಮಶಾನಕ್ಕೆ ಬರುವಂತಿರಲಿಲ್ಲ. ಖಾಲಿ ಕೊಡ ಹಿಡಿದು ನಡೆದ ನಮ್ಮ ಮೆರವಣಿಗೆ ನೋಡಿ ಬೇರೆ ಓಣಿಯವರು ಎಲ್ಲಿಯೋ ನೀರು ಸಿಗುತ್ತದೆಂದು ತಿಳಿದು ತಾವೂ ಕೊಡ ತಂದು ಹಿಂದೆ ಬಿದ್ದರು. ಸ್ಮಶಾನದ ಬಾಗಿಲಲ್ಲಿ ವಿಷಯ ತಿಳಿದು ಕೆಲವರು ಬೈಯುತ್ತ ತಿರುಗಿ ಹೋದರು, ಕೆಲವರು ಬಂದದ್ದಕ್ಕೆ ಇರಲಿ ಎಂದು ನಿಂತರು.

ಟ್ಯಾಂಕರ್ ಒಳಗೆ ಬರಲಾಗದೆ ಬಾಗಿಲಲ್ಲೇ ನಿಂತಿತು. ಗೋರಿಯ ಹತ್ತಿರ ಮುದುಕಿ "ತಲಿ ಯಾವ ಕಡೆ ಐತಿ?" ಎಂದು ಕೇಳಿದಳು. ಅಲ್ಲಿ ತೊಡಕು ಶುರುವಾಯಿತು. ಅವಳ ಮನೆತನದಲ್ಲಿ ಹೆಣವನ್ನು ಮಲಗಿಸಿ ಹೂಳುತ್ತಾರೆ. ನಮ್ಮಲ್ಲಿ ಕೂರಿಸಿ, ವಿಭೂತಿ ಇಟ್ಟು ಮಣ್ಣು ಎಳೆಯುತ್ತಾರೆ. ಹಾಗಾದರೆ ಬಾಯಿ ಇರುವುದು ಎಲ್ಲಿ, ಎಷ್ಟು ಆಳದಲ್ಲಿ?

"ಕುಂಡ್ರಿಸಿದ್ರ ಬಾಯಿ ಮ್ಯಾಲ ಇರತೈತಲ್ರಿ, ಛಲೋನ ಆತು," ಎಂದ ಒಬ್ಬ.

"ಮಾರಿ ಯಾವ ದಿಕ್ಕಿಗೈತಿ ಅನ್ನೂದು ಬ್ಯಾಡೇನು? ಬೆನ್ನಿಗೆ ನೀರು ಹಾಕಿದ್ರ ಏನ್ ಬಂತು?" ಎಂದ ಇನ್ನೊಬ್ಬ.

ಮಣ್ಣಿಗೆ ಬಂದಿದ್ದವರೆಲ್ಲ ನೆನಪು ಮಾಡಿಕೊಂಡರು. ಒಬ್ಬರಿಗೆ ಮೂಡಣ ನೆನಪಾಯಿತು, ಒಬ್ಬರಿಗೆ ಬಡಗಣ. ತಾನೇ ಗುಣಿಗಿಳಿದು ಕೂರಿಸಿದ್ದೆ ಎಂದು ಆಣೆ ಮಾಡಿದ ಇಬ್ಬರು ಎರಡು ದಿಕ್ಕು ತೋರಿಸಿದರು. ಅವರಿಬ್ಬರೂ ಅವತ್ತು ಗುಣಿಗಿಳಿದಿರಲಿಲ್ಲ. ಕಡೆಗೆ ವ್ಯಾಪಾರಿ ಒಂದು ದಾರಿ ಹುಡುಕಿದ. ನಾಲ್ಕೂ ಕಡೆ ತೂತು ಹಾಕಿದರೆ ಎಲ್ಲೋ ಒಂದು ಕಡೆ ಬಾಯಿ ಸಿಕ್ಕೇ ಸಿಗುತ್ತದೆ. ಎಲ್ಲರೂ ಭೇಷ್ ಎಂದರು. ಹಾರೆ ಹಿಡಿದವನು ಧೋತರ ಮೇಲೆತ್ತಿ ಕಟ್ಟಿಕೊಂಡ. ಆ ಮಣ್ಣಿನ ಕೆಳಗೆ ಅತ್ತೆ ಕೂತಿದ್ದಾರೆ, ಇವರು ಬೋರ್‌ವೆಲ್ ಕೊರೆಯುವವರಂತೆ ಪಾಯಿಂಟ್ ನೋಡುತ್ತಿದ್ದಾರೆ.

ಹಾರೆ ಎತ್ತಿದಾಗ ನಮ್ಮ ಮನೆಯವರು ನಡುವೆ ಬಂದು ನಿಂತರು.

"ಹಾರಿ ಕೆಳಗಿಡು," ಎಂದರು. ಕ್ಲಾಸಿನ ದನಿ. ಹಿಂದಿನ ಬೆಂಚಿನವರೂ ಸುಮ್ಮನಾಗುವ ದನಿ. ಹಾರೆಯವನು ಅವರ ಶಿಷ್ಯನೇ, ಕೆಳಗಿಟ್ಟ.

"ತೂತು ಹಾಕದಿದ್ರ ನೀರು ಮುಟ್ಟಂಗಿಲ್ರಿ ಸರ್," ಎಂದ ವ್ಯಾಪಾರಿ.

"ಮಣ್ಣಾಗ ನೀರು ಇಳೀತೈತಿ. ಸಾವಕಾಶ ಹಾಕಿದ್ರ ತಳದ ತನಕಾನೂ ಇಳೀತೈತಿ. ಅಷ್ಟು ವಿಜ್ಞಾನ ನನಗ ಬರತೈತಿ. ಕೊಡ ಕೊಡ್ರಿ, ನಾನ ಹಾಕ್ತೇನಿ."

ಓಣಿಯವರು ಗುಸುಗುಸು ಮಾಡಿದರು. ಮುದುಕಿ ಮಾತ್ರ "ಹೆತ್ತ ಮಗನ ಕೈಯಾಗಿಂದು, ನಡೀತೈತಿ" ಎಂದು ಅಪ್ಪಣೆ ಕೊಟ್ಟಳು. ನಮ್ಮ ಮನೆಯವರು ಮೊಣಕಾಲೂರಿ ಕೂತು, ಕೊಡ ಬಗ್ಗಿಸಿ ಸಣ್ಣ ಧಾರೆಯಾಗಿ ನೀರು ಬಿಟ್ಟರು. ಮಣ್ಣು ನೀರನ್ನು ಕುಡಿಯಿತು. ನಿಲ್ಲಲಿಲ್ಲ, ಹರಿಯಲಿಲ್ಲ, ಬಿದ್ದ ಬಿದ್ದಂತೆ ಒಳಗೆ ಹೋಯಿತು. ಬೇಸಿಗೆಯ ಒಣ ಮಣ್ಣು ಹಾಗೆಯೇ ಎಂದು ನನಗೂ ಗೊತ್ತು. ಆದರೂ ನೋಡುತ್ತಿದ್ದವರೆಲ್ಲ "ಎವ್ವಾ" ಎಂದರು. ನಾನೂ ಅಂದಿರಬೇಕು.

ಮೊದಲ ಕೊಡ ಖಾಲಿಯಾಗುವ ಹೊತ್ತಿಗೆ ವ್ಯಾಪಾರಿಯ ಫೋನು ರಿಂಗಾಯಿತು. ಸೊಸೆ. ಅವಳ ದನಿ ಎಲ್ಲರಿಗೂ ಕೇಳುವಷ್ಟು ಜೋರಾಗಿತ್ತು.

"ಮಾವಾರ, ನಳ ಬಂದಾವ್ರಿ! ಎಲ್ಲಾರ ಮನಿ ಮುಂದೂ ಬಿಟ್ಟ ನಳ ಹರ್‍ಯಾಕತ್ತಾವ್ರಿ! ನಾ ಒಬ್ಬಾಕಿ ಏನ್ ಮಾಡ್ಲಿ? ಜಲ್ದಿ ಬರ್ರಿ!"

ಪ್ರಳಯ ಬಂದರೂ ನಮ್ಮ ಓಣಿ ಅಷ್ಟು ಬೇಗ ಓಡಲಾರದು. ನಳ ಬರದೇ ಇದ್ದಾಗ ತಿರುವಿ ತಿರುವಿ ನೋಡಿ ಹಾಗೇ ಬಿಟ್ಟ ನಳಗಳು, ಮನೆಗೆಲ್ಲ ಕೀಲಿ, ಕೊಡಗಳೆಲ್ಲ ಸ್ಮಶಾನದಲ್ಲಿ. ಹಾರೆಯವನು ಹಾರೆ ಬಿಟ್ಟು ಓಡಿದ. ಮುದುಕಿ ಸೀರೆ ಎತ್ತಿಕಟ್ಟಿ ಓಡಿದಳು. ತಂಬಿಗೆ ನೀರು ಹಾಕಬೇಕಾದವರು ಟ್ಯಾಂಕರಿನಲ್ಲೇ ಒಂದೊಂದು ಕೊಡ ತುಂಬಿಕೊಂಡು, ಅರ್ಧ ಚೆಲ್ಲುತ್ತ ಓಡಿದರು. ಡ್ರೈವರು ಸ್ಟೇರಿಂಗಿಗೆ ತಲೆಯಿಟ್ಟು ನಗುತ್ತಿದ್ದ.

ಆಮೇಲೆ ಓಣಿಯಲ್ಲಿ ಈ ಕತೆ ಹೀಗೆ ನಿಂತಿತು: ಮಾಸ್ತರರ ತಾಯಿ ಒಂದೇ ಕೊಡ ಕುಡಿದಳು, ಆ ಕ್ಷಣ ಊರಿಗೆ ನೀರು ಬಿಟ್ಟಳು. ಈಗ ನಳದ ಪಾಳಿ ತಪ್ಪಿದರೆ ಕೆಲವರು ಹೋಗಿ ಅತ್ತೆಯ ಗೋರಿಗೆ ಊದಿನಕಡ್ಡಿ ಹಚ್ಚಿ ಬರುತ್ತಾರೆ. ಬದುಕಿದ್ದಾಗ ಬೈಗುಳದ ಜೊತೆ ನೀರು ಕೊಟ್ಟವಳು ಈಗ ಸುಮ್ಮನೆ ಕೊಡುತ್ತಾಳೆಂದು ಅವರಿಗೆ ಸಂತೋಷ. ಪೈಪು ರಿಪೇರಿ ಮಾಡಿದವರನ್ನು ಯಾರೂ ನೆನೆಯುವುದಿಲ್ಲ. ಆದರೆ ಕತೆ ಹೇಳುವವರೆಲ್ಲ ಆ ಹೊತ್ತಿಗೆ ನಳದ ಮುಂದಿದ್ದರು. ಗೋರಿಯ ಹತ್ತಿರ ಉಳಿದದ್ದು ನಾವಿಬ್ಬರೇ.

ನನ್ನ ಕಾಲೂ ಬಾಗಿಲ ಕಡೆ ತಿರುಗಿತ್ತು. ನಮ್ಮ ಸಂಪೂ ಖಾಲಿಯಿತ್ತು. "ಏಳ್ರಿ, ನೀರು ಹೋದಾವು" ಎಂದೆ. ಅವರು ಏಳಲಿಲ್ಲ. ಖಾಲಿ ಕೊಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಹಸಿ ಮಣ್ಣನ್ನೇ ನೋಡುತ್ತಿದ್ದರು.

"ಡಾಕ್ಟರು ಬ್ಯಾಡ ಅಂದಿದ್ದು ಖರೆ," ಎಂದರು. "ಕೊಟ್ರ ಹೊಲಿಗಿ ಬಿಚ್ಚತಾವ, ಉಳಿಯಂಗಿಲ್ಲ ಅಂದಿದ್ದ. ಮೊದಲ ದಿನ ನಾನೂ ಅದನ್ನ ನಂಬಿದ್ದೆ."

ನಾನು ತಿರುಗಿ ಬಂದು ಅವರ ಪಕ್ಕ ಕೂತೆ.

"ಕಡಿ ದಿನ ಅದ ಡಾಕ್ಟರ್ ನನ್ನ ಹೊರಗ ಕರದು, ಇನ್ನ ಉಳಿಯಂಗಿಲ್ರಿ, ಮಂದಿಗೆ ಹೇಳಿಬಿಡ್ರಿ ಅಂದಿದ್ದ. ನಾ ಒಳಗ ಬಂದೆ. ಅವ್ವ ಮತ್ತ ನೀರು ಕೇಳಿದ್ಲು. ಸಾಯಾಕಿ ಅನ್ನೂದು ಗೊತ್ತಿತ್ತು ನನಗ. ಕೊಟ್ಟಿದ್ರ ಏನ್ ಹೋಗತಿತ್ತು? ಆದ್ರೂ ಹತ್ತಿನ ಅದ್ದಿ ಹಚ್ಚಿದೆ."

ಅವರು ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ, ಮಣ್ಣಿನ ದಿನ ಸಹ. ನನಗೆ ಗೊತ್ತಿದ್ದ ಯಾವ ದೇವರ ಹೆಸರೂ ಆಗ ಬಾಯಿಗೆ ಬರಲಿಲ್ಲ. ಅವರ ತೊಡೆಯ ಮೇಲಿಂದ ಕೊಡ ತೆಗೆದುಕೊಂಡು ಬಾಗಿಲಿಗೆ ಹೋಗಿ, ಟ್ಯಾಂಕರಿನಲ್ಲಿ ತುಂಬಿಸಿಕೊಂಡು ಬಂದೆ. ಅವರು ಎರಡೂ ಕೈಯಿಂದ ಹಿಡಿದು ಬಗ್ಗಿಸಿದರು.

"ಸಾವಕಾಶ ಕುಡಿಯವ್ವ," ಎಂದರು ಮಣ್ಣಿಗೆ, "ಯಾರೂ ಬ್ಯಾಡ ಅನ್ನಂಗಿಲ್ಲ."